ಮಲೆನಾಡಿನಿಂದ ಕ್ವಾಂಟಮ್ ಸಂಶೋಧನೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳೂ ಅವರ ಮನೆಯವರೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಈ ಜಿಲ್ಲೆಯ ಕಾಲೇಜೊಂದರ ಭೌತಶಾಸ್ತ್ರದ ಮೇಷ್ಟ್ರು. ಕಂಪನಿ ಕೆಲಸ ಹುಡುಕುವವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಪಿಎಚ್‌.ಡಿ. ಮಾಡಿ ಪ್ರಯೋಗಾಲಯದಲ್ಲೋ ವಿಶ್ವವಿದ್ಯಾಲಯದಲ್ಲೋ ಬದುಕು ಕಟ್ಟಿಕೊಳ್ಳಬೇಕು ಎಂದುಕೊಂಡವರಿಗಾಗಿ ಬರೆದದ್ದು. ವಯೋಮಿತಿ, ವೇತನ, ಕೊನೆಯ ದಿನಾಂಕಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮುನ್ನ ಆಯಾ ಸಂಸ್ಥೆಯ ಪ್ರಕಟಣೆ ನೋಡಿಕೊಳ್ಳಿ.

ಪಿಯುಸಿ ಮುಗಿದಿದೆ. ಬಿ.ಎಸ್ಸಿ.ಗೆ ಸೇರಬೇಕೋ, ಎಂಜಿನಿಯರಿಂಗ್‌ಗೋ?

ಎರಡರಿಂದಲೂ ದಾರಿ ಇದೆ. ಸಮೀಕರಣ ಎಲ್ಲಿಂದ ಬಂತು ಎಂದು ಕೆದಕದೆ ಬಿಡದವರಿಗೆ ಭೌತಶಾಸ್ತ್ರ ಮತ್ತು ಗಣಿತ ಇರುವ ಬಿ.ಎಸ್ಸಿ. ಒಗ್ಗುತ್ತದೆ. ಸರ್ಕಿಟ್ ಕಟ್ಟುವ, ಕೋಡ್ ಬರೆಯುವ ಹುರುಪಿನವರು ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ಓದಿಕೊಂಡೂ ಬರಬಹುದು. ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕವಾದ ಕ್ಯೂಬಿಟ್‌ಗಳಲ್ಲಿ ಹಲವನ್ನು ಆಡಿಸುವುದು ಮೈಕ್ರೊವೇವ್ ಮಿಡಿತಗಳಿಂದ. ಆ ಮಿಡಿತವನ್ನು ನ್ಯಾನೊಸೆಕೆಂಡ್ ಲೆಕ್ಕದಲ್ಲಿ ಹದಗೊಳಿಸಬಲ್ಲ ಎಲೆಕ್ಟ್ರಾನಿಕ್ಸ್‌ನವರು ಪ್ರಯೋಗಾಲಯಗಳಿಗೆ ಸದಾ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿ, 2021ರಲ್ಲಿ ಕ್ವಾಂಟಮ್ ತಂತ್ರಜ್ಞಾನದಲ್ಲಿ ಎಂ.ಟೆಕ್. ಆರಂಭಿಸಿದ್ದು ಎಂಜಿನಿಯರುಗಳಿಗೆ ನೇರ ಬಾಗಿಲಾಯಿತು.

ಅಂಕ ಚೆನ್ನಾಗಿದ್ದು ಮನೆಯವರು ಹೊರಗೆ ಕಳಿಸಲು ಒಪ್ಪಿದರೆ ಐಐಎಸ್‌ಸಿಯ ನಾಲ್ಕು ವರ್ಷದ ಪದವಿ ಅಥವಾ ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಐದು ವರ್ಷದ ಬಿ.ಎಸ್.-ಎಂ.ಎಸ್. ಪ್ರಯತ್ನಿಸಿ. ಪುಣೆ, ತಿರುಪತಿ, ತಿರುವನಂತಪುರ ಸೇರಿ ದೇಶದಲ್ಲಿ ಏಳು ಐಸರ್‌ಗಳಿವೆ. ಅದಾಗದಿದ್ದರೆ ಊರಿನ ಬಿ.ಎಸ್ಸಿ.ಯಲ್ಲಿ ತಪ್ಪೇನಿಲ್ಲ. ಈಚೆಗೆ ಕೋರ್ಸಿನ ಹೆಸರಿಗೆ ಕ್ವಾಂಟಮ್ ಎಂಬ ಬಾಲ ಕಟ್ಟಿ ಶುಲ್ಕ ಏರಿಸುವ ಪರಿಪಾಠ ಶುರುವಾಗಿದೆ. ಹೆಸರು ನೋಡಬೇಡಿ; ಅಲ್ಲಿ ಲೀನಿಯರ್ ಆಲ್ಜೀಬ್ರಾ ಪಾಠ ಮಾಡುವವರು ಯಾರು ಎಂದು ಕೇಳಿ.

ಮೂರು ವರ್ಷದ ಬಿ.ಎಸ್ಸಿ. ಸಾಕೇ?

ದೇಶದೊಳಗೆ ಸಾಕು, ಮೇಲೆ ಎಂ.ಎಸ್ಸಿ. ಹೇಗೂ ಮಾಡುತ್ತೀರಿ. ರಾಜ್ಯವು 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿ 2024ರಲ್ಲಿ ಮೂರು ವರ್ಷಕ್ಕೆ ಮರಳಿದ ಗೊಂದಲದಲ್ಲಿ ಈ ಪ್ರಶ್ನೆ ಹುಟ್ಟಿಕೊಂಡಿತು, ಅಷ್ಟೆ.

ಸ್ಪಿನ್ ಭೌತಶಾಸ್ತ್ರ ಎಂದರೆ ಕ್ವಾಂಟಮ್ ಕಂಪ್ಯೂಟಿಂಗ್‌ನ ಒಂದು ಭಾಗವೇ?

ಅಲ್ಲ, ಅದು ಹಿರಿಯದು. ಎಲೆಕ್ಟ್ರಾನ್, ಪ್ರೋಟಾನ್‌ಗಳಿಗೆ ಹುಟ್ಟಿನಿಂದಲೇ ಬಂದ ಕೋನೀಯ ಸಂವೇಗವಿದೆ; ಅದೇ ಸ್ಪಿನ್. ಕಾಂತಕ್ಷೇತ್ರದಲ್ಲಿ ಇಟ್ಟಾಗ ಎಲೆಕ್ಟ್ರಾನಿನ ಸ್ಪಿನ್‌ಗೆ ಎರಡೇ ಮಟ್ಟ. ಎರಡು ಮಟ್ಟದ ವ್ಯವಸ್ಥೆ ಎಂದರೆ ತಾನಾಗಿಯೇ ಒದಗಿಬಂದ ಕ್ಯೂಬಿಟ್. ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿಕೊಂಡವರೆಲ್ಲ ಸ್ಪಿನ್ ಪ್ರಯೋಗಕ್ಕೆ ಒಳಗಾದವರೇ: 1.5 ಟೆಸ್ಲಾ ಯಂತ್ರದಲ್ಲಿ ದೇಹದ ನೀರಿನೊಳಗಿನ ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ತರಂಗದಿಂದ ತಿರುಗಿಸಿ, ಅವು ಮರಳುವಾಗ ಹೊಮ್ಮುವ ರೇಡಿಯೊ ಸಂಕೇತವನ್ನು ಹಿಡಿಯುತ್ತಾರೆ.

ವೃತ್ತಿಯ ದೃಷ್ಟಿಯಿಂದ ನೋಡಿದರೆ ಸ್ಪಿನ್ ಎಂಬ ಒಂದೇ ಫಲಕದ ಕೆಳಗೆ ಪರಸ್ಪರ ಹೆಚ್ಚು ಮಾತಾಡದ ಹಲವು ಮನೆತನಗಳಿವೆ. ಮೊದಲನೆಯದು ಎನ್‌ಎಂಆರ್, ಅಂದರೆ ನ್ಯೂಕ್ಲಿಯರ್ ಕಾಂತ ಅನುರಣನ. ಇದರಲ್ಲಿ ಬೆಂಗಳೂರಿಗೆ ಹಳೆಯ ಹೆಸರು. ಹರಿಯುವ ದ್ರವಗಳಲ್ಲಿ ನ್ಯೂಕ್ಲಿಯರ್ ಕಾಂತ ಅನುರಣನ ಹೇಗೆ ಬದಲಾಗುತ್ತದೆ ಎಂಬುದನ್ನು ಐಐಎಸ್‌ಸಿಯ ಜಿ. ಸೂರ್ಯನ್ 1951ರಲ್ಲೇ ಪ್ರಕಟಿಸಿದ್ದರು. ರಕ್ತದ ಹರಿವನ್ನು ಎಂಆರ್‌ಐನಲ್ಲಿ ಅಳೆಯುವವರು ಇಂದಿಗೂ ಆ ಪ್ರಬಂಧವನ್ನು ನೆನೆಯುತ್ತಾರೆ. ಅದೇ ಸಂಸ್ಥೆಯ ಅನಿಲ್ ಕುಮಾರ್, 1975ರಲ್ಲಿ ಸ್ವಿಟ್ಜರ್‌ಲೆಂಡಿನ ರಿಚರ್ಡ್ ಅರ್ನ್‌ಸ್ಟ್ ಜೊತೆ ಎಂಆರ್‌ಐ ಚಿತ್ರಣದ ಫೂರಿಯೆ ವಿಧಾನ ಬರೆದವರು, ಮುಂದೆ ಎನ್‌ಎಂಆರ್ ಮೂಲಕ ಕ್ವಾಂಟಮ್ ಮಾಹಿತಿಯ ಪ್ರಯೋಗಗಳನ್ನು ಇಲ್ಲಿ ಬೆಳೆಸಿದರು. ಇಂದು ಪುಣೆ ಮತ್ತು ಮೊಹಾಲಿಯ ಐಸರ್‌ಗಳಲ್ಲೂ ಆ ಕೆಲಸ ನಡೆಯುತ್ತಿದೆ.

ಎರಡನೆಯದು ಅರೆವಾಹಕದಲ್ಲಿ ಒಂದೇ ಒಂದು ಎಲೆಕ್ಟ್ರಾನನ್ನು ಹಿಡಿದಿಟ್ಟು ಅದರ ಸ್ಪಿನ್ ಅನ್ನೇ ಕ್ಯೂಬಿಟ್ ಮಾಡುವುದು. ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಜೊ 1998ರಲ್ಲಿ, ಎಲೆಕ್ಟ್ರಾನನ್ನು ಬಂಧಿಸಿಡುವ ಅತಿ ಸಣ್ಣ ಗೂಡುಗಳಾದ ಕ್ವಾಂಟಮ್ ಡಾಟ್‌ಗಳಿಗಾಗಿ ಇದನ್ನು ಸೂಚಿಸಿದರು. ಅದೇ ವರ್ಷ ಬ್ರೂಸ್ ಕೇನ್ ಸಿಲಿಕಾನ್ ಒಳಗಿನ ರಂಜಕದ ಪರಮಾಣುವನ್ನು ಸೂಚಿಸಿದರು. ಇಲ್ಲಿನ ತಲೆನೋವು ಬೇರೆ ತರಹದ್ದು. ನೈಸರ್ಗಿಕ ಸಿಲಿಕಾನ್‌ನಲ್ಲಿ ಶೇಕಡ 4.7ರಷ್ಟು ಸಿಲಿಕಾನ್-29 ಇದೆ, ಅದರ ನ್ಯೂಕ್ಲಿಯಸ್‌ಗೂ ಸ್ಪಿನ್ ಇದೆ, ಆ ಗದ್ದಲದಲ್ಲಿ ನಮ್ಮ ಎಲೆಕ್ಟ್ರಾನ್ ತನ್ನ ಸ್ಥಿತಿ ಮರೆಯುತ್ತದೆ. ಅದಕ್ಕೇ ಸಿಲಿಕಾನ್-28 ಮಾತ್ರ ಉಳಿಯುವಂತೆ ಶುದ್ಧಗೊಳಿಸಿ ಬಳಸುತ್ತಾರೆ. ವಜ್ರದೊಳಗಿನ ನೈಟ್ರೋಜನ್ ದೋಷಗಳಲ್ಲಿ ಸ್ಪಿನ್ ಓದುವವರೂ ಈ ಮನೆತನಕ್ಕೆ ಹತ್ತಿರದವರೇ.

ಇನ್ನು ಸ್ಪಿನ್ ಬಳಸಿ ನಡೆಸುವ ಎಲೆಕ್ಟ್ರಾನಿಕ್ಸ್, ಅಂದರೆ ಸ್ಪಿಂಟ್ರಾನಿಕ್ಸ್ (2007ರ ಭೌತಶಾಸ್ತ್ರದ ನೊಬೆಲ್ ಇದರ ಬೇರಿಗೆ ಸಂದದ್ದು), ಕಾಂತೀಯ ವಸ್ತುಗಳ ಸಿದ್ಧಾಂತ, ಪ್ರೋಟಾನಿನ ಸ್ಪಿನ್ ಎಲ್ಲಿಂದ ಬರುತ್ತದೆ ಎಂದು ಕೇಳುವ ಕಣ ಭೌತಶಾಸ್ತ್ರ. ಕೊನೆಯದಕ್ಕೂ ಕ್ವಾಂಟಮ್ ಕಂಪ್ಯೂಟರಿಗೂ ನೆಂಟಸ್ತಿಕೆ ಬಹಳ ದೂರದ್ದು. ಹಾಗಾಗಿ ಅರ್ಜಿಯಲ್ಲಿ ಸುಮ್ಮನೆ ‘ಸ್ಪಿನ್‌ನಲ್ಲಿ ಆಸಕ್ತಿ’ ಎಂದು ಬರೆಯಬೇಡಿ, ಯಾವ ಸ್ಪಿನ್ ಎಂದು ಬರೆಯಿರಿ.

ಒಂದು ಮನೆತನ ಹೊಕ್ಕರೆ ಅಲ್ಲೇ ಸಿಕ್ಕಿಕೊಳ್ಳುತ್ತೇವೆಯೇ?

ಇಲ್ಲ. ಲೀವೆನ್ ವಾಂಡರ್‌ಸೈಪೆನ್ ಅವರನ್ನೇ ನೋಡಿ. 2001ರಲ್ಲಿ ಐಬಿಎಂನಲ್ಲಿ ಏಳು ನ್ಯೂಕ್ಲಿಯರ್ ಸ್ಪಿನ್‌ಗಳಿದ್ದ ಒಂದು ಅಣುವಿನ ಎನ್‌ಎಂಆರ್ ಬಳಸಿ 15ನ್ನು 3 ಮತ್ತು 5 ಎಂದು ಅಪವರ್ತಿಸಿ ತೋರಿಸಿದ ಪ್ರಬಂಧದ ಮೊದಲ ಲೇಖಕ, ಆಗಿನ್ನೂ ವಿದ್ಯಾರ್ಥಿ. ಎನ್‌ಎಂಆರ್ ವಿಧಾನವನ್ನು ದೊಡ್ಡ ಕಂಪ್ಯೂಟರ್‌ವರೆಗೆ ಎಳೆಯಲಾಗದು ಎಂಬುದು ಆಗಲೇ ಕಾಣುತ್ತಿತ್ತು. ಅವರು ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ಗೆ ಹೋಗಿ ಕ್ವಾಂಟಮ್ ಡಾಟ್‌ಗಳಿಗೆ ಹೊರಳಿದರು. ಇಂದು ಆ ಕ್ಷೇತ್ರದ ದೊಡ್ಡ ಹೆಸರು. ಮಿಡಿತಗಳನ್ನು ರೂಪಿಸುವ ಕೈಚಳಕ ಎರಡೂ ಕಡೆ ಒಂದೇ. ವಿಷಯ ಬದಲಾದರೂ ಕೈಗೆ ಹತ್ತಿದ ಕೆಲಸ ಜೊತೆಗೆ ಬರುತ್ತದೆ.

ಪಿಎಚ್‌.ಡಿ.ಗೆ ಯಾವ ಪರೀಕ್ಷೆ ಬರೆಯಬೇಕು?

ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದರೆ ಜ್ಯಾಮ್. ಐಐಟಿಗಳ ಎಂ.ಎಸ್ಸಿ.ಗೂ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೂ ಅದೇ ಬೇಕು. ಎರಡನೆಯದು ನನಗೆ ಹೆಚ್ಚು ಇಷ್ಟ: ಬಿ.ಎಸ್ಸಿ. ಆದ ಕೂಡಲೇ ಒಳಗೆ ಹೋದರೆ ಪಿಎಚ್‌.ಡಿ. ಮುಗಿಸಿಯೇ ಹೊರಬರುತ್ತೀರಿ. ಎಂ.ಎಸ್ಸಿ. ಆದವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್, ಗೇಟ್, ಜೆಸ್ಟ್. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ನಿಮ್ಮ ವೇತನ ನಿಮ್ಮ ಹೆಸರಿನಲ್ಲೇ ಇರುತ್ತದೆ. ಯಾವ ಮಾರ್ಗದರ್ಶಕರ ಯೋಜನೆಯ ಹಣಕ್ಕೂ ಕಾಯಬೇಕಾಗಿಲ್ಲ. ಈ ಸ್ವಾತಂತ್ರ್ಯದ ಬೆಲೆ ಸೇರಿದ ಮೇಲೆ ತಿಳಿಯುತ್ತದೆ.

ನಮ್ಮಂಥ ಊರಿನ ಕಾಲೇಜಿನವರನ್ನು ಐಐಎಸ್‌ಸಿಯಂಥ ಕಡೆ ತೆಗೆದುಕೊಳ್ಳುತ್ತಾರೆಯೇ?

ಬರವಣಿಗೆಯ ಪರೀಕ್ಷೆಗೆ ನಿಮ್ಮ ಕಾಲೇಜಿನ ಹೆಸರು ತಿಳಿಯುವುದಿಲ್ಲ. ಅದು ಸಂದರ್ಶನದ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ನಿಮ್ಮನ್ನು ಕರೆಯುವುದು ಕಪ್ಪುಹಲಗೆಯ ಮುಂದೆ. ‘ಇಷ್ಟದ ವಿಷಯ ಯಾವುದು?’ ಎಂದು ಕೇಳುತ್ತಾರೆ. ಕ್ವಾಂಟಮ್ ಎಂದಿರೋ, ಇಂಥದೊಂದು ಪ್ರಶ್ನೆ ಬರುತ್ತದೆ: ಅರ್ಧ ಸ್ಪಿನ್‌ನ ಕಣ, ಕಾಂತಕ್ಷೇತ್ರ ಝಡ್ ದಿಕ್ಕಿನಲ್ಲಿ, ಆರಂಭದಲ್ಲಿ ಸ್ಪಿನ್ ಎಕ್ಸ್ ದಿಕ್ಕಿನಲ್ಲಿ, ಸ್ವಲ್ಪ ಹೊತ್ತಾದ ಮೇಲೆ ಎಲ್ಲಿರುತ್ತದೆ?

ನಮ್ಮ ವಿದ್ಯಾರ್ಥಿಗಳು ಮುಗ್ಗರಿಸುವುದು ಇಲ್ಲೇ. ಶ್ರೋಡಿಂಗರ್ ಸಮೀಕರಣ ಬಾಯಿಪಾಠ ಇರುತ್ತದೆ, ಹೈಡ್ರೋಜನ್ ಪರಮಾಣುವಿನ ಪೂರ್ತಿ ವ್ಯುತ್ಪತ್ತಿ ಹತ್ತು ಅಂಕಕ್ಕೆಂದು ಕಲಿತಿರುತ್ತಾರೆ. ಆದರೆ ಎರಡು ಅಡ್ಡಸಾಲು, ಎರಡು ಉದ್ದಸಾಲಿನ ಪೌಲಿ ಮಾತೃಕೆಯನ್ನು ಒಂದು ಸ್ಥಿತಿಯ ಮೇಲೆ ಹಚ್ಚಿ ನೋಡಿರುವುದಿಲ್ಲ. ಉತ್ತರ ಸರಳ: ಸ್ಪಿನ್ ಎಕ್ಸ್-ವೈ ಸಮತಲದಲ್ಲಿ ಲಾರ್ಮರ್ ಆವರ್ತನದಲ್ಲಿ ಸುತ್ತುತ್ತದೆ. ಅದನ್ನು ನಾಲ್ಕು ಸಾಲಿನಲ್ಲಿ ಬಿಡಿಸಿದರೆ ‘ಈಗ ಎಕ್ಸ್ ದಿಕ್ಕಿನಲ್ಲಿ ಸಣ್ಣ ಕ್ಷೇತ್ರವೊಂದನ್ನು ಆಡಿಸಿದರೆ?’ ಎಂದು ಮುಂದುವರಿಯುತ್ತಾರೆ. ನಿಮಗೆ ಗೊತ್ತಿಲ್ಲದ ಜಾಗ ಮುಟ್ಟುವವರೆಗೂ ಕೇಳುವುದೇ ಅವರ ಪದ್ಧತಿ. ಅಲ್ಲಿ ತಡಬಡಾಯಿಸಿ ಸುಳ್ಳು ಹೇಳಿದವರು ಹೋಗುತ್ತಾರೆ; ‘ಇದು ನನಗೆ ತಿಳಿಯದು, ಆದರೆ ಹೀಗೆ ಯೋಚಿಸಿ ನೋಡುತ್ತೇನೆ’ ಎಂದು ಸೀಮೆಸುಣ್ಣ ಹಿಡಿದವರು ಉಳಿಯುತ್ತಾರೆ.

ಮೇಷ್ಟ್ರೇ, ಇಂಗ್ಲಿಷ್ ಅಷ್ಟು ಬಾರದು. ಆಗುತ್ತದೆಯೇ?

ಸಂದರ್ಶನದಲ್ಲಿ ವ್ಯಾಕರಣಕ್ಕೆ ಅಂಕವಿಲ್ಲ. ಪ್ರಬಂಧ ಬರೆಯುವಾಗ ಬೇಕು, ಅಷ್ಟರೊಳಗೆ ಓದಿ ಓದಿ ಬಂದಿರುತ್ತದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಮೊದಲ ಸೆಮಿಸ್ಟರ್ ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಊಟದ ಮೇಜಿನಲ್ಲಿ ಸುಮ್ಮನೆ ಕೂರುವ ಅಭ್ಯಾಸ ಮಾತ್ರ ಬೇಡ. ಅರ್ಧ ಭೌತಶಾಸ್ತ್ರ ಕಲಿಯುವುದು ಅಲ್ಲೇ.

ಸಿದ್ಧಾಂತವೋ ಪ್ರಯೋಗವೋ? ಹೇಗೆ ಆರಿಸುವುದು?

ಎಲ್ಲರೂ ಕೊನೆಗೆ ಕೇಳುವ ಈ ಪ್ರಶ್ನೆಯನ್ನು ಮೊದಲು ಕೇಳಬೇಕು. ನೀವು ಮುಂದೆ ಯಾವ ಊರಿನಲ್ಲಿ ಬದುಕುತ್ತೀರಿ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಇದೇ.

ಸಿದ್ಧಾಂತಕ್ಕೆ ಕಾಗದ, ಕಂಪ್ಯೂಟರ್, ಒಳ್ಳೆಯ ಸಂಗಾತಿಗಳು ಬೇಕು. ಪ್ರಯೋಗಕ್ಕೆ ಹೀಲಿಯಂ ಬೇಕು. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳೂ ಹೆಚ್ಚಿನ ಸ್ಪಿನ್ ಕ್ಯೂಬಿಟ್‌ಗಳೂ ಕೆಲಸ ಮಾಡುವುದು ಪರಮ ಶೂನ್ಯಕ್ಕಿಂತ ಹತ್ತಾರು ಮಿಲಿಕೆಲ್ವಿನ್‌ನಷ್ಟೇ ಮೇಲೆ. ಹೀಲಿಯಂ-3 ಮತ್ತು ಹೀಲಿಯಂ-4 ಬೆರೆಸಿ ಆ ತಂಪು ಹುಟ್ಟಿಸುವ ಡೈಲ್ಯೂಷನ್ ರೆಫ್ರಿಜರೇಟರ್ ಒಂದಕ್ಕೆ ಕೋಟಿಗಳಲ್ಲಿ ಬೆಲೆ. ಜೊತೆಗೆ ಕರೆಂಟು ಹೋಗಬಾರದು, ತಂಪು ನೀರಿನ ಪೂರೈಕೆ ನಿಲ್ಲಬಾರದು. ಜುಲೈ ತಿಂಗಳಲ್ಲಿ ಹೊಸನಗರದ ಕಡೆ ಕರೆಂಟಿನ ಗತಿ ಗೊತ್ತಿರುವವರಿಗೆ ಇದಕ್ಕಿಂತ ವಿವರಿಸಬೇಕಾಗಿಲ್ಲ.

ಪ್ರಯೋಗಾಲಯದ ದಿನ ಹೇಗಿರುತ್ತದೆ ಎಂಬುದನ್ನು ಚಿತ್ರದಲ್ಲಿ ನೋಡಿ ಮೋಸಹೋಗಬೇಡಿ. ಚಿನ್ನದ ಬಣ್ಣದ ತಟ್ಟೆಗಳು ತೂಗುಬಿದ್ದ ಆ ಸುಂದರ ಯಂತ್ರದ ಹಿಂದೆ ಸೋರಿಕೆ ಹುಡುಕುವ ವಾರಗಳಿವೆ. ನಿರ್ವಾತ ಕೋಶದ ಎರಡು ಅಂಚುಗಳ ನಡುವೆ ಇಂಡಿಯಂ ಲೋಹದ ಸಣ್ಣ ತಂತಿಯನ್ನು ಉಂಗುರವಾಗಿ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಇಂಡಿಯಂ ಮೆತ್ತಗೆ ಹರಡಿ ಸಂದು ಮುಚ್ಚುತ್ತದೆ. ಅದರ ಮೇಲೆ ಒಂದು ಕೂದಲು ಬಿದ್ದಿದ್ದರೂ ಸಾಕು, ಸೋರುತ್ತದೆ. ಆಮೇಲೆ ಸಣ್ಣ ನಳಿಕೆಯಿಂದ ಪ್ರತಿ ಕೀಲಿಗೂ ಹೀಲಿಯಂ ಅನಿಲ ಊದುತ್ತ, ಪತ್ತೆ ಯಂತ್ರದ ಅಂಕಿ ಎಲ್ಲಿ ಏರುತ್ತದೆ ಎಂದು ನೋಡಬೇಕು. ಕೋಣೆಯ ತಾಪದಲ್ಲಿ ಸರಿಯಿದ್ದ ಕೀಲು ತಂಪಾದ ಮೇಲೆ ಕೈಕೊಡುವುದುಂಟು. ಆಗ ಇಡೀ ಯಂತ್ರವನ್ನು ಮತ್ತೆ ಬಿಸಿ ಮಾಡಿ ಬಿಚ್ಚಬೇಕು; ಅಲ್ಲಿಗೆ ದಿನಗಟ್ಟಲೆ ಹೋಯಿತು. ಪಿಎಚ್‌.ಡಿ.ಯ ಮೊದಲ ಎರಡು ವರ್ಷ ಹೀಗೆ ಕಳೆದು ಒಂದೂ ಪ್ರಬಂಧ ಬಾರದೆ ಇರುವುದು ಪ್ರಯೋಗದವರಿಗೆ ಮಾಮೂಲು.

ಇಲ್ಲಿ ನಮ್ಮ ಹುಡುಗ ಹುಡುಗಿಯರಿಗೆ ಒಂದು ಅನುಕೂಲ ಇದೆ ಎಂದು ನನ್ನ ಅನಿಸಿಕೆ. ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಿಚ್ಚಿ ವಾಷರ್ ಹಾಕಿ ಗೊತ್ತಿರುವವರು ನಿರ್ವಾತ ಪಂಪಿನ ಮುಂದೆ ಹೆದರಿ ನಿಲ್ಲುವುದಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ, ಪ್ರಯೋಗಾಲಯದಲ್ಲಿ ಇದೆ. ಆದರೂ ಅಂಕ ಚೆನ್ನಾಗಿ ಬಂದವರೆಲ್ಲ ಸಿದ್ಧಾಂತವೇ ಮೇಲು ಎಂದು ಅತ್ತ ಓಡುತ್ತಾರೆ. ಸಿದ್ಧಾಂತದಲ್ಲಿ ಒಂದೊಂದು ಹುದ್ದೆಗೂ ನೂಕುನುಗ್ಗಲು. ಯಂತ್ರವನ್ನು ಕೈಯಾರೆ ಕಟ್ಟಿ ಓಡಿಸಿದವರನ್ನು ಸಂಸ್ಥೆಗಳು ಹುಡುಕಿಕೊಂಡು ಬರುತ್ತವೆ. ಅವರು ಬದುಕುವುದು ಮಾತ್ರ ಬೆಂಗಳೂರು, ಮುಂಬೈ, ಪುಣೆಗಳಲ್ಲಿ.

ಶಂಕರಘಟ್ಟದಲ್ಲೇ ಮಾಡಲಾಗದೇ?

ಸಿದ್ಧಾಂತವಾದರೆ ಆಗುತ್ತದೆ, ಆಗಿದೆ ಕೂಡ. ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ವಿಳಾಸ ಹೊತ್ತ, ಬಹು ಕ್ಯೂಬಿಟ್‌ಗಳ ಸಮ್ಮಿತ ಸ್ಥಿತಿಗಳು ಮತ್ತು ಅವುಗಳ ಹೆಣೆದುಕೊಂಡಿರುವಿಕೆಯ (ಎಂಟ್ಯಾಂಗಲ್‌ಮೆಂಟ್) ಬಗೆಗಿನ ಪ್ರಬಂಧಗಳು ಆರ್ಕೈವ್ ಜಾಲತಾಣದಲ್ಲಿ ಯಾರಿಗೂ ಓದಲು ಸಿಗುತ್ತವೆ. ಬೆಂಗಳೂರು ವಿಶ್ವವಿದ್ಯಾಲಯದವರ ಜೊತೆಗೂಡಿ ಬರೆದವು ಅವುಗಳಲ್ಲಿ ಹಲವು.

ಇದು ಆಕಸ್ಮಿಕವಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಜಿ. ರಾಮಚಂದ್ರನ್ ಅವರ ಸುತ್ತ ನ್ಯೂಕ್ಲಿಯರ್ ಕ್ರಿಯೆಗಳಲ್ಲಿ ಸ್ಪಿನ್ ಕುರಿತ ಅಧ್ಯಯನದ ಒಂದು ಪರಂಪರೆಯೇ ಇತ್ತು. ದೊಡ್ಡ ಸ್ಪಿನ್‌ನ ಒಂದು ಸ್ಥಿತಿಯನ್ನು ಗೋಳದ ಮೇಲಿನ ಕೆಲವು ಬಿಂದುಗಳಾಗಿ ಬರೆಯಬಹುದೆಂದು ಎಟ್ಟೋರೆ ಮಯೊರಾನಾ 1932ರಲ್ಲಿ ತೋರಿಸಿದ್ದರು. ಆ ಬಿಂದುಗಳನ್ನೇ ಒಂದೊಂದು ಕ್ಯೂಬಿಟ್ ಎಂದು ಓದಿಕೊಂಡರೆ ಹಳೆಯ ಸ್ಪಿನ್ ಗಣಿತ ಹೊಸ ಕ್ವಾಂಟಮ್ ಮಾಹಿತಿಯ ಗಣಿತವಾಗುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಈ ಸೇತುವೆ ಸುಲಭವಾಗಿ ಸಿಕ್ಕಿತು. ಕೋಟಿಗಳ ಯಂತ್ರವಿಲ್ಲದೆ ಭದ್ರಾ ಅಭಯಾರಣ್ಯದ ಪಕ್ಕದಲ್ಲಿ ಕುಳಿತು ಮಾಡಬಹುದಾದ ಕೆಲಸ ಇದು.

ತೊಡಕೂ ಇದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಯಂ ಹುದ್ದೆಗಳು ತುಂಬದೆ ಉಳಿದಿರುತ್ತವೆ, ಇರುವ ಮಾರ್ಗದರ್ಶಕರ ಬಳಿ ಸ್ಥಾನಗಳು ಸೀಮಿತ. ಜೆಆರ್‌ಎಫ್ ಇಲ್ಲದೆ ಸೇರಿದರೆ ಹಣದ ಚಿಂತೆ ಬೆನ್ನು ಬಿಡುವುದಿಲ್ಲ. ಹಾಗಾಗಿ ಮೊದಲು ನೆಟ್, ಆಮೇಲೆ ಶಂಕರಘಟ್ಟ.

ಮಾರ್ಗದರ್ಶಕರಿಗೆ ಹೇಗೆ ಬರೆಯುವುದು?

‘ಗೌರವಾನ್ವಿತ ಪ್ರೊಫೆಸರ್, ತಮ್ಮ ಅಮೂಲ್ಯ ಸಂಶೋಧನೆಯಿಂದ ಪ್ರಭಾವಿತನಾಗಿ...’ ಎಂದು ಶುರುವಾಗುವ ಪತ್ರವನ್ನು ಯಾರೂ ಪೂರ್ತಿ ಓದುವುದಿಲ್ಲ. ಅವರ ಒಂದು ಪ್ರಬಂಧ ಓದಿ, ಅದರಲ್ಲಿ ಅರ್ಥವಾಗದ ಒಂದು ಹಂತವನ್ನು ಹೆಸರಿಸಿ ಕೇಳಿ. ಎಂಟು ಸಾಲು ಸಾಕು. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ.

ಸೇರುವ ಮುನ್ನ ಅವರ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಎರಡು ವಿಷಯ ಕೇಳಿ: ಪಿಎಚ್‌.ಡಿ. ಮುಗಿಯಲು ಎಷ್ಟು ವರ್ಷವಾಯಿತು, ಈಗ ಎಲ್ಲಿದ್ದೀರಿ. ಹೆಸರಾಂತ ಪ್ರಯೋಗಾಲಯಕ್ಕಿಂತ ವಿದ್ಯಾರ್ಥಿಗಳನ್ನು ದಡ ಸೇರಿಸುವ ಪ್ರಯೋಗಾಲಯ ಮೇಲು. ಇದನ್ನು ಮುಂಚಿತವಾಗಿ ಅರಿಯಲು ಒಳ್ಳೆಯ ಉಪಾಯ ಬೇಸಿಗೆಯ ಫೆಲೋಶಿಪ್. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಫೆಲೋಶಿಪ್‌ಗೆ ಬಿ.ಎಸ್ಸಿ., ಎಂ.ಎಸ್ಸಿ., ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದ್ದೂ ಇದೆ. ನಮ್ಮ ಕಡೆಯಿಂದ ಅರ್ಜಿ ಹಾಕುವವರೇ ಕಡಿಮೆ. ಸೂಚನಾ ಫಲಕಕ್ಕೆ ಅಂಟಿಸಿದ್ದನ್ನು ನೋಡುವಷ್ಟರಲ್ಲಿ ದಿನಾಂಕ ಮುಗಿದಿರುತ್ತದೆ.

ಪಿಎಚ್‌.ಡಿ.ಗೆ ಎಷ್ಟು ಖರ್ಚಾಗುತ್ತದೆ?

ತಂದೆಯವರು ಹೆಚ್ಚಾಗಿ ಕೇಳುವ ಪ್ರಶ್ನೆ. ಖರ್ಚಲ್ಲ, ವೇತನ ಬರುತ್ತದೆ. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದರೆ 42,000. ಮನೆಬಾಡಿಗೆ ಭತ್ಯೆ ಬೇರೆ. ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಆದ್ದರಿಂದ ಸ್ವಲ್ಪ ಕೈಯಲ್ಲಿ ಇಟ್ಟುಕೊಂಡಿರಿ. ‘ಮಗ ಇನ್ನೂ ಓದುತ್ತಿದ್ದಾನೆಯೇ?’ ಎಂದು ಮದುವೆ ಮನೆಯಲ್ಲಿ ಕೇಳುವವರಿಗೆ ‘ಸಂಬಳ ತೆಗೆದುಕೊಂಡು ಓದುತ್ತಿದ್ದಾನೆ’ ಎನ್ನಿ, ಮಾತು ಅಲ್ಲಿಗೆ ನಿಲ್ಲುತ್ತದೆ.

ಡಾಕ್ಟರೇಟ್ ಆದ ಮೇಲೂ ವಿದೇಶಕ್ಕೆ ಏಕೆ ಹೋಗುತ್ತಾರೆ? ಕೆಲಸ ಸಿಗಲಿಲ್ಲವೆಂದೇ?

ಪೋಸ್ಟ್‌ಡಾಕ್ ಎಂಬುದು ಈ ವೃತ್ತಿಯ ಒಂದು ಮೆಟ್ಟಿಲು. ಒಬ್ಬ ಗುರುವಿನ ಕೆಳಗೆ ಕಲಿತದ್ದನ್ನು ಬೇರೆ ಕಡೆ, ಬೇರೆ ಸಮಸ್ಯೆಯ ಮೇಲೆ, ನೀವಾಗಿ ಮಾಡಬಲ್ಲಿರಾ ಎಂದು ನೋಡುವ ಎರಡರಿಂದ ಐದಾರು ವರ್ಷ.

2025ರ ಭೌತಶಾಸ್ತ್ರದ ನೊಬೆಲ್ ಇದಕ್ಕೆ ಒಳ್ಳೆಯ ಉದಾಹರಣೆ. 1984-85ರಲ್ಲಿ ಬರ್ಕ್‌ಲಿಯ ಒಂದೇ ಪ್ರಯೋಗಾಲಯದಲ್ಲಿ ಮೂವರಿದ್ದರು: ಪ್ರಾಧ್ಯಾಪಕ ಜಾನ್ ಕ್ಲಾರ್ಕ್, ಪ್ಯಾರಿಸ್‌ನಿಂದ ಬಂದ ಪೋಸ್ಟ್‌ಡಾಕ್ ಮಿಷೆಲ್ ಡೆವೊರೆ, ಪಿಎಚ್‌.ಡಿ. ವಿದ್ಯಾರ್ಥಿ ಜಾನ್ ಮಾರ್ಟಿನಿಸ್. ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಮಂಡಲವೊಂದು ಪರಮಾಣುವಿನಂತೆ ಕ್ವಾಂಟಮ್ ನಿಯಮ ಪಾಲಿಸುತ್ತದೆ ಎಂದು ಅವರು ತೋರಿಸಿದರು. ಇಂದಿನ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಮೂಲ ಅದು. ವೃತ್ತಿಯ ಮೂರು ಮೆಟ್ಟಿಲಲ್ಲಿದ್ದ ಮೂವರಿಗೂ ಬಹುಮಾನ ಸಮಪಾಲಾಗಿ ಸಂದಿತು, ನಲವತ್ತು ವರ್ಷದ ನಂತರ. ಡೆವೊರೆ ತನ್ನ ಊರಿನಲ್ಲೇ ಉಳಿದಿದ್ದರೆ ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಅಷ್ಟೆಲ್ಲ ಆದ ಮೇಲೆ ಕೆಲಸ ಖಚಿತವೇ?

ಖಚಿತವಲ್ಲ. ಅಡಿಕೆ ಸಸಿ ನೆಟ್ಟವರು ಐದಾರು ವರ್ಷ ಫಸಲಿಲ್ಲದೆ ಗೊಬ್ಬರ ಹಾಕುತ್ತಾರೆ, ಆದರೆ ಆಮೇಲೆ ಕೊನೆ ಬಿಡುತ್ತದೆ ಎಂಬ ಧೈರ್ಯ ಅವರಿಗಿರುತ್ತದೆ. ಇಲ್ಲಿ ಆ ಧೈರ್ಯವನ್ನು ಯಾರೂ ಕೊಡಲಾರರು. 21ಕ್ಕೆ ಬಿ.ಎಸ್ಸಿ., 23ಕ್ಕೆ ಎಂ.ಎಸ್ಸಿ., 29ರ ಹೊತ್ತಿಗೆ ಪಿಎಚ್‌.ಡಿ., 33ರವರೆಗೆ ಪೋಸ್ಟ್‌ಡಾಕ್. ಒಡಹುಟ್ಟಿದವರು ಮನೆ ಕಟ್ಟಿಸಿ ಕಾರು ಕೊಂಡಿರುವ ವಯಸ್ಸಿನಲ್ಲಿ ನೀವು ಮೂರನೆಯ ದೇಶದಲ್ಲಿ ಮಂಚ, ಕುಕ್ಕರ್ ಕೊಳ್ಳುತ್ತಿರುತ್ತೀರಿ.

ದೇಶಕ್ಕೆ ಮರಳಲು ಕೆಲವು ಸೇತುವೆಗಳಿವೆ. ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ ಐದು ವರ್ಷದ್ದು, ತಿಂಗಳಿಗೆ 1,25,000 ರೂಪಾಯಿ, ಜೊತೆಗೆ ವರ್ಷಕ್ಕೆ ಏಳು ಲಕ್ಷ ಸಂಶೋಧನಾ ಅನುದಾನ. ಸಾಮಾನ್ಯ ವರ್ಗಕ್ಕೆ ವಯೋಮಿತಿ 32, ಮಹಿಳೆಯರಿಗೂ ಪರಿಶಿಷ್ಟರಿಗೂ ಸಡಿಲಿಕೆ ಇದೆ. ವಿದೇಶದಲ್ಲಿರುವವರನ್ನು ಕರೆತರಲು ರಾಮಾನುಜನ್ ಫೆಲೋಶಿಪ್ ಇದೆ. ಐಐಟಿಯಲ್ಲಿ ಸಹಾಯಕ ಪ್ರಾಧ್ಯಾಪಕರಾದರೆ ಮೂಲ ವೇತನ 1,01,500ರಿಂದ ಶುರು. ಯುಜಿಸಿ ವೇತನದ ಕಾಲೇಜುಗಳಲ್ಲಿ 57,700. ನೆಟ್ ಅಥವಾ ಕೆ-ಸೆಟ್ ಆಗಿದ್ದರೆ ಎರಡನೆಯದಕ್ಕೆ ಪಿಎಚ್‌.ಡಿ. ಕಡ್ಡಾಯವಲ್ಲ. ಆ ಹುದ್ದೆಗೆ ಅಧಿಸೂಚನೆ ಹೊರಡುವುದೇ ಅಪರೂಪವಾದ್ದರಿಂದ ಎಷ್ಟೋ ಮಂದಿ ಡಾಕ್ಟರೇಟ್ ಆದವರು ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷವೂ ಕೌನ್ಸೆಲಿಂಗ್‌ಗೆ ಕಾಯುತ್ತಾರೆ. ಇದನ್ನು ತಿಳಿದೇ ಹೊರಡಿ.

ಸರ್ಕಾರ ಕ್ವಾಂಟಮ್‌ಗೆ ಸಾವಿರಾರು ಕೋಟಿ ಕೊಟ್ಟಿದೆಯಂತಲ್ಲ?

ಹೌದು. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ, ಅವಧಿ 2030-31ರವರೆಗೆ. ಇದರಲ್ಲಿ ನಾಲ್ಕು ಕೇಂದ್ರಗಳು: ಕಂಪ್ಯೂಟಿಂಗ್‌ಗೆ ಐಐಎಸ್‌ಸಿ, ಸಂವಹನಕ್ಕೆ ಐಐಟಿ ಮದ್ರಾಸ್, ಸಂವೇದನೆ ಮತ್ತು ಅಳತೆಗೆ ಐಐಟಿ ಬಾಂಬೆ, ವಸ್ತು ಮತ್ತು ಸಾಧನಗಳಿಗೆ ಐಐಟಿ ದೆಹಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಡಿಆರ್‌ಡಿಒ ಸಹ ಕೂಡಿ ಆರು ಕ್ಯೂಬಿಟ್‌ಗಳ ಪ್ರೊಸೆಸರ್ ಪರೀಕ್ಷಿಸಿದ್ದನ್ನು 2024ರಲ್ಲಿ ಪ್ರಕಟಿಸಿದವು. ಈ ಹಣದಿಂದ ಯಂತ್ರ ಬರುತ್ತದೆ, ಪಿಎಚ್‌.ಡಿ. ಮತ್ತು ಪೋಸ್ಟ್‌ಡಾಕ್ ಸ್ಥಾನಗಳು ಹೆಚ್ಚುತ್ತವೆ. ಪ್ರಾಧ್ಯಾಪಕ ಹುದ್ದೆ ಅದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಯೋಜನೆಯ ಹಣಕ್ಕೆ ಕೊನೆಯ ದಿನಾಂಕವಿರುತ್ತದೆ, ಪ್ರಾಧ್ಯಾಪಕರ ಸಂಬಳಕ್ಕೆ ಇಪ್ಪತ್ತೈದು ಮೂವತ್ತು ವರ್ಷದ ಬದ್ಧತೆ ಬೇಕು.

ನನ್ನ ಯೋಚನೆಯನ್ನು ದೊಡ್ಡವರು ತಳ್ಳಿಹಾಕಿದರೆ?

ಸ್ಪಿನ್‌ನ ಹುಟ್ಟೇ ಇಂಥ ಕತೆ. 1925ರ ಆರಂಭದಲ್ಲಿ ಇಪ್ಪತ್ತರ ಯುವಕ ರಾಲ್ಫ್ ಕ್ರೋನಿಗ್‌ಗೆ ಎಲೆಕ್ಟ್ರಾನ್ ತನ್ನ ಸುತ್ತ ತಾನೇ ತಿರುಗುತ್ತಿರಬೇಕು ಎಂದು ಹೊಳೆಯಿತು. ಆಗಲೇ ಹೆಸರಾಗಿದ್ದ ಭೌತವಿಜ್ಞಾನಿ ಪೌಲಿ ಗೇಲಿ ಮಾಡಿದರು, ಹುಡುಗ ಪ್ರಕಟಿಸಲಿಲ್ಲ. ಅದೇ ವರ್ಷ ಲೈಡನ್‌ನಲ್ಲಿ ಗೌಡ್‌ಸ್ಮಿಟ್ ಮತ್ತು ಊಲೆನ್‌ಬೆಕ್ ಅದನ್ನೇ ಬರೆದರು. ಊಲೆನ್‌ಬೆಕ್ ಆಗಷ್ಟೇ ರೋಮ್‌ನಲ್ಲಿ ರಾಯಭಾರಿಯ ಮಗನಿಗೆ ಮನೆಪಾಠ ಹೇಳಿ ಮರಳಿದ್ದವರು. ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಆಕ್ಷೇಪ ಎತ್ತಿದಾಗ ಇವರೂ ಹೆದರಿ ಪ್ರಬಂಧ ಹಿಂಪಡೆಯಲು ಹೋದರು. ಅವರ ಗುರು ಎಹ್ರೆನ್‌ಫೆಸ್ಟ್ ಅಷ್ಟರಲ್ಲಿ ಅದನ್ನು ಅಚ್ಚಿಗೆ ಕಳಿಸಿಬಿಟ್ಟಿದ್ದರು. ಮಾರ್ಗದರ್ಶಕರ ಆಯ್ಕೆಯ ಬಗ್ಗೆ ಮೇಲೆ ಅಷ್ಟು ಬರೆದದ್ದು ಇದಕ್ಕೇ.

ಹೆಣ್ಣುಮಕ್ಕಳಿಗೆ ಇಷ್ಟು ದೀರ್ಘ ದಾರಿ ಸರಿಯೇ?

ದಾರಿಯ ಉದ್ದ ಗಂಡುಮಕ್ಕಳಿಗೂ ಅಷ್ಟೇ. ವ್ಯತ್ಯಾಸ ಇರುವುದು 25 ದಾಟಿದ ಮೇಲೆ ಮನೆಯಲ್ಲಿ ಎದ್ದು ಬರುವ ಮದುವೆ ಮಾತಿನಲ್ಲಿ. ನಮ್ಮ ಎಂ.ಎಸ್ಸಿ. ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು, ಪ್ರಯೋಗದಲ್ಲೂ ಅವರ ಕೈಯೇ ಚೊಕ್ಕಟ. ಅರ್ಜಿ ಹಾಕುವ ಹೊತ್ತಿಗೆ ಪಟ್ಟಿ ಕರಗಿರುತ್ತದೆ. ಪಿಎಚ್‌.ಡಿ. ಸಮಯದಲ್ಲಿ ಹೆರಿಗೆ ರಜೆ ಇದೆ. ನಡುವೆ ಬಿಟ್ಟವರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ಇದೆ. ಸಿಲಿಕಾನ್‌ನಲ್ಲಿ ಪರಮಾಣುಗಳನ್ನು ಒಂದೊಂದಾಗಿ ಕೂರಿಸಿ ಕ್ಯೂಬಿಟ್ ಮಾಡುವ ವಿದ್ಯೆಯ ಮುಂಚೂಣಿಯಲ್ಲಿರುವವರು ಆಸ್ಟ್ರೇಲಿಯಾದ ಮಿಷೆಲ್ ಸಿಮ್ಮನ್ಸ್. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಫೋಟಾನ್‌ಗಳ ಕ್ವಾಂಟಮ್ ಪ್ರಯೋಗಾಲಯ ನಡೆಸುವವರು ಉರ್ಬಶಿ ಸಿನ್ಹಾ. ತಂದೆತಾಯಿಗಳಿಗೆ ತೋರಿಸಲು ಈ ಎರಡು ಹೆಸರು ಇಟ್ಟುಕೊಳ್ಳಿ.

ಈಗಲೇ, ಮನೆಯಲ್ಲೇ ಏನು ಕಲಿಯಬಹುದು?

ಒಂದು ಲ್ಯಾಪ್‌ಟಾಪ್ ಸಾಕು. ಪೈಥಾನ್ ಕಲಿಯಿರಿ, ಐಬಿಎಂನ ಕಿಸ್ಕಿಟ್ ಉಚಿತ. ಎನ್‌ಪಿಟಿಇಎಲ್‌ನಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ಪಾಠಗಳಿವೆ. ಆದರೆ ಸಿದ್ಧ ಪ್ರೋಗ್ರಾಮ್ ಓಡಿಸಿ ನಿಲ್ಲಬೇಡಿ, ಸಣ್ಣ ಸಿಮ್ಯುಲೇಟರ್ ಒಂದನ್ನು ನೀವೇ ಬರೆಯಿರಿ. ಪ್ರತಿ ಕ್ಯೂಬಿಟ್ ಸೇರಿದಾಗಲೂ ನೆನಪಿಡಬೇಕಾದ ಸಂಖ್ಯೆಗಳು ಇಮ್ಮಡಿಯಾಗುತ್ತವೆ. 25 ಕ್ಯೂಬಿಟ್‌ಗೆ ಸುಮಾರು ಅರ್ಧ ಗಿಗಾಬೈಟ್, 30ಕ್ಕೆ 16 ಗಿಗಾಬೈಟ್: ನಿಮ್ಮ ಯಂತ್ರ ಅಲ್ಲಿಗೆ ಮಂಡಿಯೂರುತ್ತದೆ. ಕ್ವಾಂಟಮ್ ಕಂಪ್ಯೂಟರ್ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಆಗ ನಿಮಗೇ ಕಾಣುತ್ತದೆ.

ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ಹಣ ಕಟ್ಟಬಹುದೇ?

ಬೇಡ. ಹಣ ಕೊಟ್ಟರೆ ವಾರದಲ್ಲಿ ಪ್ರಬಂಧ ಅಚ್ಚು ಹಾಕುವ ಪತ್ರಿಕೆಗಳೂ ಬೇಡ.

ಕೊನೆಗೆ ಊರಿಗೆ ಮರಳಿ ಸಂಶೋಧನೆ ಮುಂದುವರಿಸಬಹುದೇ?

ಸಿದ್ಧಾಂತದವರಿಗೆ ಸಾಧ್ಯ, ಸಮಯ ಕದಿಯುವುದು ಗೊತ್ತಿದ್ದರೆ. ಕಾಲೇಜಿನ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಅದರ ಮೇಲೆ ಮೌಲ್ಯಮಾಪನ, ನ್ಯಾಕ್ ಮಾನ್ಯತೆಯ ಕಡತ, ಪ್ರವೇಶದ ಕೆಲಸ. ಉಳಿದ ಹೊತ್ತಿನಲ್ಲಿ ಬರೆಯುವವರು ಇದ್ದಾರೆ. ಅವರೆಲ್ಲರ ಬಳಿ ಹೊರಗಿನ ಒಬ್ಬ ಸಹಲೇಖಕ ಇರುತ್ತಾರೆ, ವಾರಕ್ಕೊಮ್ಮೆ ಫೋನಿನಲ್ಲಿ ಕಾಟ ಕೊಡುವವರು.

ಪ್ರಯೋಗದವರು ಯಂತ್ರವನ್ನು ಊರಿಗೆ ತರಲಾರರು, ತಾವೇ ಯಂತ್ರದ ಬಳಿ ಹೋಗಬಹುದು. ಐಐಎಸ್‌ಸಿಯ ನ್ಯಾನೊ ತಯಾರಿಕಾ ಘಟಕವನ್ನು ಹೊರಗಿನ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಬಳಸಲೆಂದೇ ಐನಪ್ ಎಂಬ ಕಾರ್ಯಕ್ರಮವಿದೆ: ಮೊದಲು ತರಬೇತಿ, ಆಮೇಲೆ ನಿಮ್ಮ ಪ್ರಸ್ತಾವ ಒಪ್ಪಿದರೆ ಅಲ್ಲಿ ಸಾಧನ ತಯಾರಿಸಿಕೊಳ್ಳಬಹುದು. ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಅಧ್ಯಾಪಕರಿಗೂ ಇದೆ. ಬೆಳಗಿನ ಜನಶತಾಬ್ದಿ ಹಿಡಿದರೆ ಮಧ್ಯಾಹ್ನದ ಸೆಮಿನಾರ್‌ಗೆ ಬೆಂಗಳೂರು ಮುಟ್ಟಬಹುದು, ಸಂಜೆಯ ಗಾಡಿಗೆ ವಾಪಸ್. ಇದಕ್ಕೆಲ್ಲ ಪ್ರಾಂಶುಪಾಲರ ಸಹಿ ಬೇಕು. ಒಒಡಿ (ಅನ್ಯಕಾರ್ಯ ನಿಮಿತ್ತ ರಜೆ) ಅರ್ಜಿಯನ್ನು ಸೆಮಿಸ್ಟರ್ ಶುರುವಾಗುವ ಮುನ್ನವೇ ಕೊಟ್ಟಿಡಿ, ಪರೀಕ್ಷೆಯ ವೇಳಾಪಟ್ಟಿ ಬಂದ ಮೇಲೆ ಯಾರೂ ಸಹಿ ಹಾಕುವುದಿಲ್ಲ.